ಬೇ ಏರಿಯಾ ಸುತ್ತಮುತ್ತ ಎಲ್ಕ್, ಬೈಸನ್ ಹಿಂಡು: ಯಾರು, ಯಾವಾಗ, ಎಲ್ಲಿಗೆ ಹೋಗಬೇಕು

ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆ ಮನೆ ಇರುವವರಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಅಥವಾ ಬೈಸನ್ (ಅಮೆರಿಕದ ಕಾಡುದನ) ನೋಡಲು ಯೆಲ್ಲೋಸ್ಟೋನ್ ತನಕ ಹೋಗುವ ಅಗತ್ಯವಿಲ್ಲ. ಒಂದೇ ದಿನದಲ್ಲಿ ಹೋಗಿಬರಬಹುದಾದ ಐದು ಜಾಗಗಳಿವೆ. ಒಂದು ಕಡೆ ಬೇಲಿಯೊಳಗಿನ ಬೈಸನ್, ಒಂದು ಕಡೆ ಬೇಲಿಯೊಳಗಿನ ಎಲ್ಕ್, ಒಂದು ಕಡೆ ಬೇಲಿ ತೆಗೆಯಲಾರಂಭಿಸಿದ್ದೇ 2024ರ ಡಿಸೆಂಬರ್‌ನಲ್ಲಿ, ಉಳಿದೆರಡರಲ್ಲಿ ಹಿಂಡು ತನ್ನಿಷ್ಟಕ್ಕೆ ಓಡಾಡಿಕೊಂಡಿದೆ. ದೂರದ ಲೆಕ್ಕ ಆಮೇಲೆ ಹಾಕಿ, ಮೊದಲು ಬೇಲಿಯದು ನೋಡಿ. ಬೇಲಿ ಚಿಕ್ಕದಾದಷ್ಟೂ ಪ್ರಾಣಿ ಕಣ್ಣಿಗೆ ಬೀಳುವುದು ಖಾತ್ರಿ, ಆದರೆ ಮೇಯುವುದು, ಮಲಗುವುದು ಬಿಟ್ಟು ಬೇರೇನನ್ನೂ ಅದು ಮಾಡುವುದು ಅಪರೂಪ.

ಸುಲಭದ್ದರಿಂದ ಶುರು ಮಾಡೋಣ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿಗೆ ಬೈಸನ್ ಬಂದದ್ದು 1891ರಲ್ಲಿ, ಈಗಿರುವ ಜಾಗಕ್ಕೆ 1899ರಲ್ಲಿ. ಬಯಲುಗಳಲ್ಲಿ ಬೇಟೆಗೆ ಸಿಕ್ಕಿ ನಿರ್ನಾಮವಾಗುತ್ತಿದ್ದ ಕಾಲ ಅದು. ಇಲ್ಲಿ ಸಾಕಿ ತಳಿ ಉಳಿಸಿದರು, ನೂರಕ್ಕೂ ಹೆಚ್ಚು ಕರುಗಳು ಹುಟ್ಟಿದವು. ಈಗಿರುವವು ಹೆಣ್ಣು ಮಾತ್ರ, ಆರೈಕೆ ಸ್ಯಾನ್ ಫ್ರಾನ್ಸಿಸ್ಕೋ ಮೃಗಾಲಯದವರದು. ಜಾನ್ ಎಫ್ ಕೆನಡಿ ಡ್ರೈವ್‌ನ ಪೂರ್ವ ಭಾಗಕ್ಕೆ ಕಾರು ಬಿಡುವುದಿಲ್ಲ. ಫುಲ್ಟನ್ ಸ್ಟ್ರೀಟ್ ಹಿಡಿದು 36ನೇ ಅವೆನ್ಯೂನಲ್ಲಿ ಒಳಗೆ ತಿರುಗಿ, ಸ್ಪ್ರೆಕಲ್ಸ್ ಕೆರೆಯಿಂದ ಪಶ್ಚಿಮಕ್ಕೆ ನಡೆದರೆ ಬೇಲಿ ಸಿಗುತ್ತದೆ. ಪ್ರಾಣಿಗಳು ಬಹುಪಾಲು ಹಿಂಬದಿಯಲ್ಲೇ ಬಿದ್ದುಕೊಂಡಿರುವುದರಿಂದ ಊರೊಳಗೇ ಇದ್ದರೂ ಬೈನಾಕ್ಯುಲರ್ ಬೇಕು. ಮಧ್ಯಾಹ್ನಕ್ಕಿಂತ ಬೆಳಿಗ್ಗೆ ಎದ್ದು ಓಡಾಡುವುದು ಹೆಚ್ಚು. ಜಾಲರಿ ಬೇಲಿಯ ಮೂಲಕ ಫೋಟೋ ತೆಗೆಯುವವರು ಲೆನ್ಸನ್ನು ಬೇಲಿಗೆ ಆದಷ್ಟು ಹತ್ತಿರ ಹಿಡಿದು, ಅಪರ್ಚರ್ ಪೂರ್ತಿ ತೆರೆದು, ಪ್ರಾಣಿ ಬೇಲಿಯಿಂದ ದೂರವಿದ್ದಾಗ ಕ್ಲಿಕ್ಕಿಸಬೇಕು. ಆಗ ತಂತಿ ಮಸುಕಾಗಿ ಮಾಯವಾಗುತ್ತದೆ. ಫೋನ್ ಕ್ಯಾಮೆರಾ ತಂತಿಗೇ ಫೋಕಸ್ ಮಾಡುವುದು ಜಾಸ್ತಿ. ಪ್ರಾಣಿಯ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿ. ವಸಂತದಲ್ಲಿ ಮೈಮೇಲಿನ ತುಪ್ಪಟ ಹರಿದ ಕಂಬಳಿಯಂತೆ ಜೋತಾಡುತ್ತದೆ. ಅದು ರೋಗವಲ್ಲ, ಚಳಿಗಾಲದ ಕೂದಲು ಉದುರುತ್ತಿದೆ ಅಷ್ಟೇ. (ನಾಗರಹೊಳೆಯ ಕಾಟಿ ನೋಡಿದ ಕಣ್ಣಿಗೆ ಬೈಸನ್ನಿನ ಹಿಂಭಾಗ ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ, ಗತ್ತೆಲ್ಲ ಮುಂದಿನ ಗೂನಿನಲ್ಲೇ ಇದೆ.) ಪಾರ್ಕಿಗೆ ಹೇಗೂ ಹೋದವರು ಅರ್ಧ ಗಂಟೆ ಕೊಡಬಹುದು. ಇದೊಂದಕ್ಕೇ ಸ್ಯಾನ್ ಹೋಸೆಯಿಂದ ಹೊರಡುವುದು ದಂಡ.

ಉಳಿದ ನಾಲ್ಕೂ ಕಡೆ ಇರುವುದು ಟೂಲಿ ಎಲ್ಕ್, ಕ್ಯಾಲಿಫೋರ್ನಿಯಾ ಬಿಟ್ಟು ಬೇರೆಲ್ಲೂ ಹುಟ್ಟಿ ಬೆಳೆಯದ ಉಪಜಾತಿ. ಉತ್ತರ ಅಮೆರಿಕದ ಎಲ್ಕ್‌ಗಳಲ್ಲಿ ಇದೇ ಚಿಕ್ಕದು. ನಮ್ಮ ಕಡವೆಯ ಗಾತ್ರ ಗೊತ್ತಿದ್ದವರಿಗೆ ಅಂದಾಜು ಸಿಗುತ್ತದೆ. ಚಿನ್ನದ ಬೇಟೆಯ ಕಾಲದಲ್ಲಿ ಮಾಂಸಕ್ಕೂ ಚರ್ಮಕ್ಕೂ ಕೊಂದು ಮುಗಿಸಿದ ಮೇಲೆ, 1870ರ ದಶಕದಲ್ಲಿ ಬಟನ್‌ವಿಲ್ಲೋ ಬಳಿ ದನಗಳ ದೊಡ್ಡ ಒಡೆಯ ಹೆನ್ರಿ ಮಿಲ್ಲರ್ ತನ್ನ ಜಮೀನಿನಲ್ಲಿ ಉಳಿದಿದ್ದ ಕೆಲವನ್ನು ಕಾಪಾಡಿಸಿದ. ಈಗ ರಾಜ್ಯದಲ್ಲಿರುವ 5,000ಕ್ಕೂ ಮೀರಿದ ಟೂಲಿ ಎಲ್ಕ್‌ಗಳಿಗೆ ಮೂಲ ಅದೇ ಹಿಡಿಯಷ್ಟು ಹಿಂಡು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಮ್ಮ ಓಟು ಸ್ಯಾನ್ ಲೂಯಿಸ್ ವನ್ಯಜೀವಿ ಧಾಮಕ್ಕೆ. ಸ್ಯಾನ್ ಹೋಸೆಯಿಂದ ಗಿಲ್‌ರಾಯ್ ದಾಟಿ ಹೈವೇ 152ರಲ್ಲಿ ಪಚೇಕೋ ಕಣಿವೆ ಹತ್ತಿಳಿದು, ಲಾಸ್ ಬ್ಯಾನೋಸ್‌ನ ಉತ್ತರಕ್ಕೆ ಹೋದರೆ ಸುಮಾರು ಒಂದೂವರೆ ಗಂಟೆ. 760 ಎಕರೆಯ ಬೇಲಿಯೊಳಗೆ 1974ರಲ್ಲಿ ಬಿಟ್ಟ ಹಿಂಡಿನ ಸಂತತಿ ಇಲ್ಲಿದೆ. ಸಂಖ್ಯೆ ಮಿತಿಮೀರಿದಾಗ ಬೇರೆ ಹಿಂಡುಗಳಿಗೆ ಸಾಗಿಸುತ್ತಾರೆ. ಬೇಲಿಯ ಸುತ್ತ ಸುಮಾರು ಐದು ಮೈಲಿ ಕಾರಿನ ದಾರಿ, ಟಿಕೆಟ್ ಇಲ್ಲ. ಕಾರಿನೊಳಗೆ ಕುಳಿತವರನ್ನು ಎಲ್ಕ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಾಗಿಲು ತೆಗೆದು ಇಳಿದ ಕೂಡಲೇ ಹಿಂಡು ಎದ್ದು ದೂರ ಸರಿಯುತ್ತದೆ. ಎಂಜಿನ್ ಆಫ್ ಮಾಡಿ, ಇಲ್ಲದಿದ್ದರೆ ಅದರ ಅದುರಾಟದಲ್ಲಿ ಬೈನಾಕ್ಯುಲರ್ ನಿಲ್ಲುವುದಿಲ್ಲ. 8x42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವಂಥದ್ದು) ಸಾಕು, ಕಿಟಕಿ ಅಂಚಿನಲ್ಲಿ ಅಕ್ಕಿ ತುಂಬಿದ ಚಿಕ್ಕ ಚೀಲವಿಟ್ಟು ಅದರ ಮೇಲೆ ಊರಿ. ದಾರಿ ಸುತ್ತುವರಿದಿರುವುದೇ ಇಲ್ಲಿನ ದೊಡ್ಡ ಅನುಕೂಲ: ಬೆಳಿಗ್ಗೆ ಪೂರ್ವದ ಬದಿಯಲ್ಲಿ ನಿಂತರೆ ಸೂರ್ಯ ಬೆನ್ನಿಗಿದ್ದು ಕೊಂಬಿನ ಕವಲು ಕವಲೂ ಬಿಡಿಬಿಡಿಯಾಗಿ ಕಾಣುತ್ತದೆ, ಸಂಜೆಗೆ ಪಶ್ಚಿಮದ ಬದಿ.

ಇಲ್ಲಿನ ಪ್ರವಾಸ ಕೆಡುವುದು ಎರಡು ಕಾರಣಕ್ಕೆ. ಬೇಸಿಗೆಯಲ್ಲಿ ಹತ್ತು ಗಂಟೆ ದಾಟಿದರೆ ಬಿಸಿಲು ಏರಿ, ಎಲ್ಕ್‌ಗಳು ಎತ್ತರದ ಹುಲ್ಲಿನಲ್ಲಿ, ಮರದ ನೆರಳಲ್ಲಿ ಮಲಗಿಬಿಡುತ್ತವೆ. ಕಿವಿ ತುದಿ ಕಂಡರೂ ಪುಣ್ಯ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಣಿವೆಯಲ್ಲಿ ‘ಟೂಲಿ ಮಂಜು’ ಎಂಬ ನೆಲಮಂಜು ಕವಿಯುತ್ತದೆ, ಎದುರಿನ ಕಾರೂ ಕಾಣದಷ್ಟು ದಟ್ಟವಾಗಿ. ಅಂಥ ದಿನ ಮನೆಯಲ್ಲೇ ಇರುವುದು ಒಳ್ಳೆಯದು. ಮಂಜಿಲ್ಲದ ಚಳಿಗಾಲದ ದಿನವಾದರೆ ಇದೇ ಧಾಮದಲ್ಲಿ ಬಾತುಗಳೂ ಹೆಬ್ಬಾತುಗಳೂ ಸಾವಿರಗಟ್ಟಲೆ ಇಳಿದಿರುತ್ತವೆ.

ಬೆದೆಗಾಲದ ಗದ್ದಲ ನೋಡಬೇಕೆಂದರೆ ಮಾತ್ರ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಕಡಲಂಚಿನಲ್ಲಿರುವ ಪಾಯಿಂಟ್ ರೇಯ್ಸ್‌ನ ಟಮಾಲೆಸ್ ಪಾಯಿಂಟ್‌ಗೆ ಸಾಟಿಯಿಲ್ಲ. ಸ್ಯಾನ್ ಲೂಯಿಸ್‌ನಿಂದಲೇ ತಂದ ಹತ್ತು ಎಲ್ಕ್‌ಗಳಿಂದ 1978ರಲ್ಲಿ ಈ ಹಿಂಡು ಶುರುವಾಯಿತು. 2,600 ಎಕರೆಯ ಭೂಶಿರಕ್ಕೆ ಅಡ್ಡಲಾಗಿ ಬೇಲಿ ಹಾಕಿ, ಆಚೆಯ ದನದ ಫಾರ್ಮುಗಳಿಗೆ ಹೋಗದಂತೆ ತಡೆದಿದ್ದರು. ಬರಗಾಲ ಬಂದಾಗ ಮೇವು ನೀರು ಹುಡುಕಿ ಹೊರಹೋಗಲಾಗದೆ ನೂರಾರು ಸತ್ತವು. ಅದರ ಮೇಲೆ ವರ್ಷಗಟ್ಟಲೆ ಜಗಳ, ಕೋರ್ಟು ಎಲ್ಲ ನಡೆದು, ಕೊನೆಗೆ ನ್ಯಾಷನಲ್ ಪಾರ್ಕ್ ಸರ್ವಿಸ್ ಬೇಲಿ ತೆಗೆಯಲು ನಿರ್ಧರಿಸಿತು. ನೋಡುಗರಿಗೆ ಇದರಿಂದ ಒಂದು ವ್ಯತ್ಯಾಸ: ಹಿಂಡು ದಕ್ಷಿಣಕ್ಕೂ ಚದುರಬಹುದು, ಹಾಗಾಗಿ ಪಿಯರ್ಸ್ ಪಾಯಿಂಟ್ ರಸ್ತೆಯ ಕೊನೆಯ ಮೈಲಿಗಳಲ್ಲಿ ನಿಧಾನ ಹೋಗಿ, ಬದಿಯ ಗುಡ್ಡಗಳನ್ನೂ ನೋಡುತ್ತಿರಿ.

ಪಿಯರ್ಸ್ ಪಾಯಿಂಟ್ ರ‍್ಯಾಂಚ್‌ನಿಂದ ತುದಿಯವರೆಗೆ ಹೋಗಿಬರಲು ಸುಮಾರು ಒಂಬತ್ತೂವರೆ ಮೈಲಿ. ಎಲ್ಕ್‌ಗಾಗಿ ಅಷ್ಟು ನಡೆಯಬೇಕಿಲ್ಲ. ಮೊದಲ ಎರಡು ಮೂರು ಮೈಲಿಯಲ್ಲೇ, ಎಡಬಲದ ಇಳಿಜಾರುಗಳಲ್ಲಿ ಹಿಂಡು ಸಿಗುವುದು ಹೆಚ್ಚು. ಲೋವರ್ ರ‍್ಯಾಂಚ್ ಇದ್ದ ಜಾಗದಲ್ಲಿ ಹಿಂತಿರುಗಿದರೆ ಒಟ್ಟು ಆರು ಮೈಲಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗಂಡುಗಳು ಸಿಳ್ಳೆಯಂತೆ ಏರಿ ಗುಟುರಿನಲ್ಲಿ ಇಳಿಯುವ ಕೂಗು ಹಾಕುತ್ತವೆ, ಹೆಣ್ಣುಗಳನ್ನು ಗುಂಪುಗೂಡಿಸಿ ಕಾಯುತ್ತವೆ, ಸರಿಸಮ ಗಂಡು ಎದುರಾದರೆ ಮೊದಲು ಪಕ್ಕಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ಅಳೆದು ನೋಡಿ ಆಮೇಲೆ ಕೊಂಬು ಕೂಡಿಸುತ್ತವೆ. ಆ ಪಕ್ಕದ ನಡಿಗೆ ಕಂಡರೆ ಕ್ಯಾಮೆರಾ ಸಿದ್ಧವಿಟ್ಟುಕೊಳ್ಳಿ, ಜಗಳ ನಡೆದರೂ ಬೇಗ ಮುಗಿದುಹೋಗುತ್ತದೆ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದಾಗ ಪ್ರಾಣಿ ಪೂರ್ತಿ ಮರೆಯಾಗದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ. ಗಂಡು ಮತ್ತು ಅದರ ಹೆಣ್ಣುಗಳ ನಡುವೆ ದಾರಿ ಹಾದುಹೋದರೆ ಅವು ಸರಿಯುವವರೆಗೆ ಕಾಯಿರಿ.

ಕುಡಿಯುವ ನೀರು ಹೊತ್ತೇ ಹೋಗಬೇಕು, ಫೋನ್ ಸಿಗ್ನಲ್ ನಂಬಬೇಡಿ. ಇಲ್ಲಿ ಬೇಸಿಗೆ ಎಂದರೆ ಮಂಜು ಮತ್ತು ಗಾಳಿ, ಟಿ-ಷರ್ಟಿನಲ್ಲಿ ಬಂದವರು ಅರ್ಧ ದಾರಿಗೇ ವಾಪಸ್. ಉದ್ದ ಪ್ಯಾಂಟ್ ಹಾಕಿ, ಕಾಲ್ದಾರಿ ಬಿಟ್ಟು ಹುಲ್ಲಿಗಿಳಿಯಬೇಡಿ. ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಓಕ್ ಗಿಡ ಇದೆ, ರಕ್ತ ಹೀರುವ ಉಣ್ಣೆಗಳಿವೆ. ಬಿದ್ದ ಕೊಂಬು ಸಿಕ್ಕರೆ ಅಲ್ಲೇ ಬಿಡಿ, ತರುವುದು ಕಾನೂನುಬಾಹಿರ.

ಗ್ರಿಜ್ಲಿ ಐಲೆಂಡ್ ಎಂದರೆ ಹೈವೇ 12ರ ದಕ್ಷಿಣಕ್ಕೆ, ಸೂಸೂನ್ ಜೌಗಿನ ಒಳಗೆ. ಜನಜಂಗುಳಿ ಇಲ್ಲ, ಬೇಲಿ ಇಲ್ಲ, ವಸಂತದಿಂದ ಜುಲೈವರೆಗೆ ಮರಿಗಳೊಂದಿಗಿನ ಹೆಣ್ಣುಗಳ ಹಿಂಡು ನೋಡಲು ಒಳ್ಳೆಯದು. ಆದರೆ ಬೆದೆಗಾಲಕ್ಕೆ ಸರಿಯಾಗಿ ಎಲ್ಕ್ ಬೇಟೆಗೆಂದು ಮುಚ್ಚುತ್ತಾರೆ, ಆಮೇಲೆ ಬಾತು ಬೇಟೆಯ ಕಾಲ. ಹೊರಡುವ ಮೊದಲು ಕ್ಯಾಲಿಫೋರ್ನಿಯಾ ಮೀನು ಮತ್ತು ವನ್ಯಜೀವಿ ಇಲಾಖೆಯ ತಾಣದಲ್ಲಿ ತೆರೆದಿರುವ ದಿನ ನೋಡಿ, ಒಳಹೋಗಲು ಬೇಕಾದ ಲ್ಯಾಂಡ್ಸ್ ಪಾಸ್ ಕೊಂಡುಕೊಳ್ಳಿ. ಅಲ್ಲಿ ಹೋಗಿ ಕೊಳ್ಳುತ್ತೇವೆ ಎಂದರೆ ಆಗುವುದಿಲ್ಲ. ಸೊಳ್ಳೆ ಧಾರಾಳ.

ಐದನೆಯದು ಸ್ಯಾನ್ ಹೋಸೆಯ ದಕ್ಷಿಣ ತುದಿಯಲ್ಲೇ ಇದೆ. ಮಾರ್ಗನ್ ಹಿಲ್ ಕಡೆ ಹೈವೇ 101ರಲ್ಲಿ ಹೋಗುವಾಗ ಪೂರ್ವದ ಗುಡ್ಡದ ಮೇಲೆ ಕಂದು ಚುಕ್ಕೆಗಳಂತೆ ಕಾಣುವುದು ಬಹಳ ಸಲ ದನ, ಕೆಲವೊಮ್ಮೆ ಎಲ್ಕ್. ಬಿಳಿಚಿದ ಪೃಷ್ಠ, ಗಾಢ ಕಂದು ಕುತ್ತಿಗೆ ಇದ್ದರೆ ಎಲ್ಕ್. ಹೈವೇ ಪಕ್ಕ ಕಾರು ನಿಲ್ಲಿಸಬೇಡಿ. 2023ರಲ್ಲಿ ತೆರೆದ ಕಯೋಟಿ ರಿಡ್ಜ್‌ಗೆ ಹತ್ತಿ ಬೈನಾಕ್ಯುಲರ್‌ನಲ್ಲಿ ಇಳಿಜಾರುಗಳನ್ನು ಸಾಲು ಹಿಡಿದು ಹುಡುಕಿ. ಸಿಗುವ ಖಾತ್ರಿ ಐದರಲ್ಲಿ ಇಲ್ಲೇ ಕಡಿಮೆ, ಪೆಟ್ರೋಲ್ ಖರ್ಚೂ ಇಲ್ಲೇ ಕಡಿಮೆ.