ಸುಸ್ತಾದ ಶೋಗಳು: ಕುರ್ಚಿ ಬದಲಿಸಿದವರು, ಮುಖ ಬದಲಿಸಿದವರು, ಏನೂ ಬದಲಿಸದವರು

ಅಮೆರಿಕದ ಕಾಮಿಡಿ ಶೋ ‘ದಿ ಆಫೀಸ್’ 8ನೇ ಸೀಸನ್ ಅರ್ಧಕ್ಕೇ ಬಿಟ್ಟಿದ್ದೆ. ಮ್ಯಾನೇಜರ್ ಮೈಕಲ್ ಆಗಿದ್ದ ಸ್ಟೀವ್ ಕರೆಲ್ 2011ರಲ್ಲಿ, 7ನೇ ಸೀಸನ್‌ನಲ್ಲಿ ಹೊರಟುಹೋದ. ಆಮೇಲೆ ಆ ಕುರ್ಚಿಗೆ ಯಾರ್ಯಾರನ್ನೋ ಕೂರಿಸಿ ನೋಡಿದರು. ವಿಲ್ ಫೆರೆಲ್ ಬಂದ ಹಾಗೇ ಹೋದ. ಕೊನೆಗೆ ಅದೇ ಆಫೀಸಿನ ಆಂಡಿಗೆ ಮೈಕಲ್‌ನ ಪೆದ್ದುತನವನ್ನೇ ತೊಡಿಸಿದರು, ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ. ಜೋಕು ಅದೇ, ನಗು ಮಾತ್ರ ಬರಲಿಲ್ಲ.

ಕಾರ್ಟೂನ್ ಶೋ ‘ದಿ ಸಿಂಪ್ಸನ್ಸ್’ದು ಇದಕ್ಕೆ ಪೂರ್ತಿ ಉಲ್ಟಾ. 1989ರಲ್ಲಿ ಆ ಮನೆಯ ಹುಡುಗ ಬಾರ್ಟ್‌ಗೆ 10 ವರ್ಷ, ಈಗಲೂ 10. ಅವನಪ್ಪ ಹೋಮರ್ ರಾಕೆಟ್ ಹತ್ತಿ ಬಂದರೂ ಮುಂದಿನ ವಾರ ಅದೇ ಸೋಫಾ. 1997ರಲ್ಲೊಮ್ಮೆ ಬಾರ್ಟ್ ಸ್ಕೂಲಿನ ಪ್ರಿನ್ಸಿಪಾಲ್ ಸ್ಕಿನ್ನರ್ ಅಸಲಿ ಸ್ಕಿನ್ನರೇ ಅಲ್ಲ ಎಂದು ತೋರಿಸಿದರು. ಎಪಿಸೋಡ್ ಮುಗಿಯುವಷ್ಟರಲ್ಲಿ ಜಡ್ಜ್ ಬಂದು, ಈ ವಿಷಯ ಇನ್ನು ಯಾರೂ ಎತ್ತಬಾರದು ಎಂದು ಆರ್ಡರ್ ಮಾಡಿಬಿಡುತ್ತಾನೆ! ಊಟದ ಜೊತೆ ಒಂದು ನೋಡಲು ಚೆನ್ನ. ಒಂದೇ ಸಮ ನಾಲ್ಕು ನೋಡಿದರೆ ಸಪ್ಪೆ.

ನನ್ನನ್ನು ಹಿಡಿದು ಕೂರಿಸಿದ್ದು ‘ಡಾಕ್ಟರ್ ಹೂ’. ಬ್ರಿಟನ್ನಿನಲ್ಲಿ 1963ರಲ್ಲಿ ಶುರುವಾದ ಶೋ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಅನ್ಯಗ್ರಹದವನ ಕಥೆ, ಅವನ ಹೆಸರೇ ‘ಡಾಕ್ಟರ್’. ಹೀರೋ ವಿಲಿಯಂ ಹಾರ್ಟ್ನೆಲ್ ಆರೋಗ್ಯ ಕೆಟ್ಟಿತು. ಕಥೆಯ ಡಾಕ್ಟರ್ ಹೇಗೂ ಮನುಷ್ಯನಲ್ಲವಲ್ಲ, ಹಾಗಾಗಿ 1966ರಲ್ಲಿ ಅವನ ದೇಹವೇ ಬದಲಾಗುತ್ತದೆ ಎಂದು ಕಥೆ ಮಾಡಿ ಪ್ಯಾಟ್ರಿಕ್ ಟ್ರಾಟನ್‌ನನ್ನು ತಂದರು. ನಮ್ಮ ಸೀರಿಯಲ್‌ಗಳಲ್ಲೂ ರಾತ್ರೋರಾತ್ರಿ ಸೊಸೆಯ ಮುಖ ಬದಲಾಗುತ್ತದೆ, ಆದರೆ ಅತ್ತೆಗೆ ಅದು ಗೊತ್ತೇ ಆಗುವುದಿಲ್ಲ, ಅಲ್ವಾ? ಇಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಸಂಕಟವೂ ಆಗುತ್ತದೆ. ಮುಖದ ಜೊತೆ ಸ್ವಭಾವವೂ ಬದಲು. ಮುಂದೆ ಡಾಕ್ಟರ್ ಆಗಿದ್ದ ಡೇವಿಡ್ ಟೆನೆಂಟ್ ಹೋಗಿ ಮ್ಯಾಟ್ ಸ್ಮಿತ್ ಬಂದಾಗ ನಾನು ಎರಡು ಎಪಿಸೋಡ್ ಮುನಿಸಿಕೊಂಡೇ ನೋಡಿದೆ. ಮೂರನೆಯದಕ್ಕೆ ಮ್ಯಾಟ್ ಸ್ಮಿತ್ ನನ್ನವನಾಗಿದ್ದ.

ಹಾಗಂತ ಮುಖ ಬದಲಿಸಿದರೆ ಸಾಕು ಅಂತಲ್ಲ. 2010ರಲ್ಲಿ ಮ್ಯಾಟ್ ಸ್ಮಿತ್ ಜೊತೆಗೆ ಬರಹದ ಹೊಣೆಯೂ ರಸೆಲ್ ಟಿ. ಡೇವಿಸ್ ಕೈಯಿಂದ ಸ್ಟೀವನ್ ಮೊಫಾಟ್‌ಗೆ ಹೋಗಿತ್ತು. ಅದಕ್ಕೇ ಅದು ಬೇರೆಯದೇ ಶೋ ಅನ್ನಿಸಿತು. ಮುಂದೆ ಪೀಟರ್ ಕಪಾಲ್ಡಿ ಬಂದಾಗ ಮೊಫಾಟ್ ಅಲ್ಲೇ ಇದ್ದ. ಹೊಸ ಡಾಕ್ಟರ್, ಹಳೇ ಒಗಟುಗಳು. ಕಪಾಲ್ಡಿ ಒಳ್ಳೇ ನಟ, ಆದರೂ ಮೊದಲ ಸೀಸನ್‌ನಲ್ಲಿ ನನಗೆ ಆಕಳಿಕೆ ಜಾಸ್ತಿ ಬಂತು.

ಹೊಸಬರಾದರೆ ‘ಡಾಕ್ಟರ್ ಹೂ’ವನ್ನು 2010ರಿಂದಲೇ ಹಿಡಿಯಿರಿ, ಹಿಂದಿನದು ಗೊತ್ತಿರಬೇಕಿಲ್ಲ. ‘ದಿ ಆಫೀಸ್’ ಅನ್ನು ಮೈಕಲ್ ಏರ್‌ಪೋರ್ಟ್‌ನಲ್ಲಿ (ಆಫೀಸಿನ ಮೇಲೆ ಡಾಕ್ಯುಮೆಂಟರಿ ಮಾಡುತ್ತಿರುವವರಿಗೆ) ಮೈಕ್ ಬಿಚ್ಚಿ ಕೊಡುವಲ್ಲಿಗೆ ನಿಲ್ಲಿಸಿ, ಸೀದಾ 2013ರ ಕೊನೇ ಎಪಿಸೋಡ್‌ಗೆ ಜಿಗಿಯಿರಿ. ಅಲ್ಲಿ ಒಂದು ಗಳಿಗೆ ಮೈಕಲ್ ಬರುತ್ತಾನೆ.