ಕ್ಯಾನ್ಸರ್ ಗೆಡ್ಡೆಯ ಪ್ರಯೋಗಕ್ಕೆ ಇಲಿಗಳನ್ನು 22 ಡಿಗ್ರಿಯಲ್ಲಿಡಬೇಕೇ, 30 ಡಿಗ್ರಿಯಲ್ಲಿಡಬೇಕೇ?

ನಮ್ಮ ಪ್ರಾಣಿಗೃಹದಲ್ಲಿ ಇಲಿಗಳನ್ನು ಮೊದಲಿನಿಂದಲೂ 22 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಸಾಕುತ್ತಿದ್ದರು. ಮೇಲಂಗಿ, ಮುಖಗವಸು ತೊಟ್ಟು ಕೆಲಸ ಮಾಡುವ ನಮಗೆ ಹಿತವಾಗಿರುವ ಈ ತಾಪಮಾನ ಇಲಿಗೆ ಚಳಿಯೇ ಸರಿ. ಮೈ ಬೆಚ್ಚಗಿರಿಸಲು ಅದು ಹೆಚ್ಚುವರಿ ಶಕ್ತಿ ವ್ಯಯಿಸಬೇಕಿಲ್ಲದ ತಾಪಮಾನ ಸುಮಾರು 30 ಡಿಗ್ರಿ. ಹೀಗಾಗಿ ಬಾಲ್ಬ್/ಸಿ ತಳಿಯ ಹೆಣ್ಣಿಲಿಗಳನ್ನು ಎರಡು ಗುಂಪು ಮಾಡಿ, ಎರಡು ವಾರ ಆಯಾ ತಾಪಮಾನಕ್ಕೆ ಒಗ್ಗಿಸಿ, ಆಮೇಲೆ 4ಟಿ1 ಸ್ತನ ಕ್ಯಾನ್ಸರ್ ಕೋಶಗಳನ್ನು ಚುಚ್ಚಿ ಹೋಲಿಸಿದೆ.

ವ್ಯತ್ಯಾಸ ಮೊದಲು ಕಂಡದ್ದು ಗೆಡ್ಡೆಯಲ್ಲಲ್ಲ, ಆಹಾರದ ತಕ್ಕಡಿಯಲ್ಲಿ. 22ರ ಇಲಿಗಳು ಹೆಚ್ಚು ತಿಂದರೂ ದಪ್ಪಗಾಗಲಿಲ್ಲ. ಹೆಗಲೆಲುಬುಗಳ ನಡುವಿನ ಕಂದು ಕೊಬ್ಬು ಯುಸಿಪಿ1 ಪ್ರೋಟೀನಿನ ನೆರವಿನಿಂದ ಗ್ಲೂಕೋಸನ್ನೂ ಕೊಬ್ಬನ್ನೂ ಉರಿಸಿ ಶಾಖವಾಗಿಸುತ್ತಿತ್ತು. 30ರ ಇಲಿಗಳು ಗೂಡಿಗೆಂದು ಕೊಟ್ಟ ಕಾಗದವನ್ನು ಮೂಸಿಯೂ ನೋಡದೆ ಕಾಲುಚಾಚಿ ಮಲಗಿದವು.

ಗೆಡ್ಡೆ 30ರ ಗುಂಪಿನಲ್ಲಿ ತಡವಾಗಿ ಕೈಗೆ ಸಿಕ್ಕಿತು, ನಿಧಾನವಾಗಿ ಬೆಳೆಯಿತು. ಅಮೆರಿಕದ ರಾಸ್‌ವೆಲ್ ಪಾರ್ಕ್ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಚಳಿಯ ಒತ್ತಡದಲ್ಲಿ ಹೆಚ್ಚುವ ನಾರ್‌ಎಪಿನೆಫ್ರಿನ್ ಎಂಬ ಒತ್ತಡದ ಹಾರ್ಮೋನು, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶಗಳಾದ ಸಿಡಿ8 ಟಿ ಕೋಶಗಳನ್ನು ಹತ್ತಿಕ್ಕುತ್ತದೆ. ಆ ಕೋಶಗಳೇ ಇಲ್ಲದ ಇಲಿಗಳಲ್ಲಿ ಈ ಅಂತರ ಅವರಿಗೆ ಕಾಣಲಿಲ್ಲ.

ಆದರೆ ಚಳಿ ಹೆಚ್ಚಿದಷ್ಟೂ ಗೆಡ್ಡೆ ಬೆಳೆಯುತ್ತದೆ ಎಂದು ಸೂತ್ರ ಕಟ್ಟಿದರೆ ಎಡವುತ್ತೇವೆ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ತಂಡ 2022ರಲ್ಲಿ ತೋರಿಸಿದಂತೆ, 4 ಡಿಗ್ರಿಯಲ್ಲಿಟ್ಟ ಇಲಿಗಳ ಗೆಡ್ಡೆಗಳು 30ರಲ್ಲಿದ್ದವುಗಳಿಗಿಂತ ನಿಧಾನವಾಗಿ ಬೆಳೆದವು, ಏಕೆಂದರೆ ಚುರುಕಾದ ಕಂದು ಕೊಬ್ಬು ಗೆಡ್ಡೆಗೆ ಸಿಗಬೇಕಾದ ಗ್ಲೂಕೋಸನ್ನು ತಾನೇ ಎಳೆದುಕೊಂಡಿತು. ಆ ಕೊಬ್ಬನ್ನು ತೆಗೆದಾಗ ಪರಿಣಾಮವೂ ಹೋಯಿತು. ನಾನು 4 ಡಿಗ್ರಿಯನ್ನು ಪರೀಕ್ಷಿಸಿಲ್ಲ. ನನ್ನ ಊಹೆಯೇನೆಂದರೆ, 22ರಲ್ಲಿ ಚಳಿಯ ಒತ್ತಡ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವಷ್ಟಿದೆ, ಗೆಡ್ಡೆಯನ್ನು ಉಪವಾಸ ಕೆಡವುವಷ್ಟಿಲ್ಲ.

30ಕ್ಕೂ ತೊಡಕುಗಳಿವೆ. ಪಂಜರದಲ್ಲಿ ಅಮೋನಿಯದ ಘಾಟು ಬೇಗ ಏಳುವುದರಿಂದ ಹಾಸನ್ನು ಹೆಚ್ಚು ಸಲ ಬದಲಿಸಬೇಕಾಯಿತು. ಒಳಗೆ ಕೆಲಸ ಮಾಡುವವರ ಬೆವರಿನ ಮಾತಂತೂ ಬೇಡ. ಅದಕ್ಕಿಂತ ಮುಖ್ಯವಾಗಿ, ಇಲಿಗಳು ಕಡಿಮೆ ತಿನ್ನುವುದರಿಂದ ಆಹಾರದಲ್ಲಿ ಬೆರೆಸಿ ಕೊಡುವ ಔಷಧದ ಪ್ರಮಾಣವೂ ಇಳಿಯುತ್ತದೆ. ಇದನ್ನು ಗಮನಿಸದಿದ್ದರೆ ಔಷಧದ ದೋಷವೆಂದೇ ಬರೆದಿಡುತ್ತೇವೆ.

ರೋಗನಿರೋಧಕ ಚಿಕಿತ್ಸೆಯನ್ನೋ ಚಯಾಪಚಯವನ್ನೋ ಅಳೆಯುವುದಾದರೆ ನಾನು 30ನ್ನೇ ಆರಿಸುತ್ತೇನೆ. ಹಳೆಯ ದತ್ತಾಂಶದೊಡನೆ ಹೋಲಿಸಬೇಕಿದ್ದರೆ 22 ಇರಲಿ, ಆದರೆ ಗೂಡಿಗೆ ಕಾಗದವನ್ನು ಧಾರಾಳವಾಗಿ ಕೊಟ್ಟು, ಒಂದೊಂದು ಪಂಜರದಲ್ಲಿರುವ ಇಲಿಗಳ ಸಂಖ್ಯೆಯನ್ನೂ ಬರೆದಿಡಬೇಕು, ಏಕೆಂದರೆ ಒತ್ತಿಕೊಂಡು ಮಲಗಿದ ಐದು ಇಲಿಗಳಿಗೆ ತಗಲುವ ಚಳಿ ಒಂಟಿ ಇಲಿಗೆ ತಗಲುವಷ್ಟಲ್ಲ.