ಅಡುಗೆಮನೆಗೆ ಬಂದ ತಕ್ಕಡಿ, ಮಂಡಕ್ಕಿಗೆ ಬಂದ ಕುತ್ತು

ಡಾಕ್ಟರ್ ಕಾರ್ಬ್ (ಊಟದಲ್ಲಿನ ಪಿಷ್ಟ, ಸಕ್ಕರೆ ಅಂಶ) ಕಮ್ಮಿ ಮಾಡಿ ಅಂದ ಮೇಲೆ ದಾವಣಗೆರೆಯ ಪಾತ್ರೆ ಅಂಗಡಿಯೊಂದರಿಂದ 350 ರೂಪಾಯಿಗೆ ಈ ಡಿಜಿಟಲ್ ತಕ್ಕಡಿ ತಂದೆ. ಬಟ್ಟಲಿಟ್ಟು ಗುಂಡಿ ಒತ್ತಿದರೆ ಸೊನ್ನೆಗೆ ಬರುತ್ತದೆ. ಆಮೇಲೆ ಅನ್ನ ಹಾಕಿ ನೋಡುವುದು. ನನ್ನ ‘ಸ್ವಲ್ಪ ಅನ್ನ’ 310 ಗ್ರಾಂ ತೂಗಿತು!

ಮಂಡಕ್ಕಿ ಹಗುರ ಅಲ್ವಾ ಅಂತ ಸುಮ್ನೆ ತಿನ್ನುತ್ತಿದ್ದೆ. 100 ಗ್ರಾಂ ಮಂಡಕ್ಕಿಯಲ್ಲಿ ಸುಮಾರು 90 ಗ್ರಾಂ ಕಾರ್ಬೇ. ಜೊತೆಗೆ ಮಿರ್ಚಿ ಬೇರೆ. ಈಗ ಬೆಳಿಗ್ಗೆ ಕುಂದುವಾಡ ಕೆರೆ ಹತ್ತಿರ ವಾಕಿಂಗ್ ಮುಗಿಸಿ ಬಂದು ಎರಡು ಮೊಟ್ಟೆ, ಸೌತೆಕಾಯಿ. ಬೆಣ್ಣೆ ದೋಸೆ ಭಾನುವಾರ ಮಾತ್ರ, ಅದನ್ನು ತೂಗುವುದಿಲ್ಲ.

ತಕ್ಕಡಿಯ ಮೇಲೆ ಒಂದೇ ತಕರಾರು: ತೀರಾ ಕಮ್ಮಿ ಇಟ್ಟರೆ ಅಂಕಿ ಅಲ್ಲಾಡುವುದೇ ಇಲ್ಲ. ಶೇಂಗಾ ಒಂದೊಂದೇ ಹಾಕಿ ನೋಡಿದೆ. ಏಳನೆಯದಕ್ಕೆ ಅದಕ್ಕೆ ಎಚ್ಚರವಾಯಿತು.